ಮೋರಟಗಿಯ ಕೂಡು ಮುಯ್ಯಿ

ಮೋರಟಗಿ
೩ ಮಾರ್ಚ್ ೧೯೭೪

ಕಸ್ತೂರೆವ್ವನಿಗೆ ಅಣ್ಣನ ಆಶೀರ್ವಾದ, ಅವ್ವನ ತಕರಾರು.

ಆಶೀರ್ವಾದ ನನ್ನದು, ಹೀಗಾಗಿ ಪುಕ್ಕಟೆ. ತಕರಾರು ಅವ್ವನದು: ಪುಣೆಗೆ ಹೋಗಿ ಎರಡು ವರ್ಷವಾಯಿತು, ಡಾಕ್ಟರಾದ ಮಗಳಿಗೆ ಮನಿಯ ನೆನಪೇ ಇಲ್ಲ ಅಂತ. "ಅವ್ವಾ, ಆಕಿ ಮನೋವೈದ್ಯೆ, ಮನಿ ವೈದ್ಯೆ ಅಲ್ಲ" ಎಂದೆ. ಇಂಥ ಮಾತಿಗೆ ಹೈಸ್ಕೂಲಿನ ನನ್ನ ಕನ್ನಡ ವರ್ಗದ ಮಕ್ಕಳು ನಗುತ್ತಾರೆ, ಅವರಿಗೆ ಅಂಕ ಬೇಕು. ಅವ್ವನಿಗೆ ಅಂಕದ ಹಂಗಿಲ್ಲ, ನಗಲಿಲ್ಲ.

ಈ ಪತ್ರಕ್ಕೆ ಕಾರಣ ಬೇರೆ ಇದೆ. ಕುರುಬರ ಓಣಿಯ ಅಮೋಘಸಿದ್ಧ ನಿನಗೆ ನೆನಪಿರಬೇಕು. ನೀನು ಸಾಲಿಗೆ ಹೋಗುವಾಗ ಕುರಿಮರಿಯನ್ನು ಹೆಗಲ ಮೇಲಿಂದ ಇಳಿಸಿ ನಿನ್ನ ಕೈಗೆ ಕೊಟ್ಟು, ನೀನು ಚೀರಿದರೆ ನಗುತ್ತಿದ್ದವನು. ಹೋದ ಮೇ ತಿಂಗಳಲ್ಲಿ ಅವನ ಅಣ್ಣ ಗುರಣ್ಣನ ಬಾವಿಯನ್ನು ಆಳ ಮಾಡುತ್ತಿದ್ದರು. ಗೆಳೆಯ ಸೋಮನಿಂಗ ಕೆಳಗೆ, ಇವನು ಮೇಲೆ. ದಿನದ ಕೆಲಸ ಮುಗಿದು ಸೋಮನಿಂಗ ಹಗ್ಗ ಹಿಡಿದು ಮೇಲೆ ಬರುವಾಗ ಹಗ್ಗ ಹರಿಯಿತು. ಅವನು ಉಳಿಯಲಿಲ್ಲ. ಹರಿದ ತುಂಡು ಇವನ ಕೈಯಲ್ಲೇ ಇತ್ತು. ಬೆರಳು ಬಿಡಿಸಲು ನಾಲ್ಕು ಮಂದಿ ಬೇಕಾಯಿತು. ಬಿಡಿಸಿದ ಆ ಬೆರಳುಗಳು ಅಂದಿನಿಂದ ಮಡಚಿಲ್ಲ.

ಹತ್ತು ತಿಂಗಳಾಯಿತು, ಕಸ್ತೂರಿ. ರೊಟ್ಟಿ ಹಿಡಿಯಲಾರ, ಕೋಲು ಹಿಡಿಯಲಾರ, ಎರಡು ವರ್ಷದ ಮಗಳನ್ನು ಎತ್ತಲಾರ. ಹೆಂಡತಿ ಶೇವಂತೆವ್ವ ಉಣಿಸುತ್ತಾಳೆ. ಮಾತೂ ಇಲ್ಲ. ಸಿಂದಗಿಯ ಡಾಕ್ಟರರು ಎಲುಬು ನರ ಎಲ್ಲ ಸರಿ ಇವೆ ಎಂದರು. ಇಂಡಿಯಲ್ಲಿ ಎಣ್ಣೆ ಕೊಟ್ಟರು, ಬಸವನ ಬಾಗೇವಾಡಿಯಲ್ಲಿ ಪುಡಿ ಕೊಟ್ಟರು, ಮುದ್ದೇಬಿಹಾಳದಲ್ಲಿ ತಾಯಿತ ಕಟ್ಟಿದರು. ಬಸ್ಸಿನ ಕಂಡಕ್ಟರರಿಗೆಲ್ಲ ಅವನ ಗುರುತಾಯಿತು, ಕೈಗೆ ಮಾತ್ರ ಗುಣವಾಗಲಿಲ್ಲ.

ನಿನ್ನೆ ಗುರಣ್ಣ ಬಂದಿದ್ದ. "ಮಾಸ್ತರ, ನಿಮ್ಮ ತಂಗ್ಯಾರ ದವಾಖಾನ್ಯಾಗ ಒಂದ ಜಾಗಾ ಕೊಡಸ್ರಿ. ಬಿಟ್ಟ ಬರ್ತೇನಿ" ಎಂದ. ಹಿಂದೆ ನಿಂತಿದ್ದ ಶೇವಂತೆವ್ವ, "ಬಿಟ್ಟ ಬರಾಕ ಅಂವೇನ ಮುದಿ ಎತ್ತೇನ, ಭಾವಾ?" ಎಂದಳು. ಇಬ್ಬರೂ ನನ್ನನ್ನೇ ನೋಡಿದರು. ನಾನು ವ್ಯಾಕರಣ ಬಿಟ್ಟು ಬೇರೆ ಯಾವುದಕ್ಕೂ ತೀರ್ಪು ಕೊಟ್ಟವನಲ್ಲ. ನೀನೇ ಹೇಳು.

ನಿನ್ನ ಅಣ್ಣ,
ಬಸಂತರಾಯ


ಪುಣೆ
೧೪ ಮಾರ್ಚ್ ೧೯೭೪

ಬಸಂತಣ್ಣಾ,

ಅವ್ವನಿಗೆ ಹೇಳು, ಮನಿಯ ನೆನಪು ದಿನಕ್ಕೆ ಮೂರು ಸಲ ಬರುತ್ತದೆ, ಇಲ್ಲಿಯ ಊಟದ ಗಂಟೆ ಬಾರಿಸಿದಾಗಲೆಲ್ಲ.

ಅಮೋಘಸಿದ್ಧ ನಾಟಕ ಮಾಡುತ್ತಿಲ್ಲ. ಇದನ್ನು ಮೊದಲು ಗುರಣ್ಣನಿಗೆ ಹೇಳು. ಪೆಟ್ಟು ಬಿದ್ದದ್ದು ಕೈಗಲ್ಲ, ನಿಜ. ಆದರೆ ಆ ಸಂಜೆಯ ಭಯವೆಲ್ಲ ಆ ಕೈಯಲ್ಲೇ ಉಳಿದುಬಿಟ್ಟಿದೆ. "ಗಟ್ಟಿ ಮನಸ್ಸು ಮಾಡು" ಎಂದು ಗದರಿದಷ್ಟೂ ಆ ಬೆರಳು ಇನ್ನಷ್ಟು ಸೆಟೆಯುತ್ತದೆ.

ನಮ್ಮಲ್ಲಿ ಗಂಡಸರ ವಾರ್ಡಿನಲ್ಲಿ ಜೂನ್ ಹದಿನೈದಕ್ಕೆ ಒಂದು ಹಾಸಿಗೆ ಖಾಲಿಯಾಗುತ್ತದೆ. ಅವನ ಹೆಸರಿಗೆ ಹಿಡಿದಿಟ್ಟಿದ್ದೇನೆ. ಅಷ್ಟರಲ್ಲಿ ಕೈ ತಿರುಗಿದರೆ ಬರುವುದೇ ಬೇಡ. ತಿರುಗದಿದ್ದರೆ ಕರೆದುಕೊಂಡು ಬಾ. ಆದರೆ ಅಣ್ಣಾ, ಇಲ್ಲಿ ಬಂದವರಲ್ಲಿ ಎಷ್ಟೋ ಜನರನ್ನು ಮನೆಯವರು ಮತ್ತೆ ನೋಡಲು ಬಂದಿಲ್ಲ. ಶೇವಂತೆವ್ವನ ಹೆದರಿಕೆಯಲ್ಲಿ ಸುಳ್ಳಿಲ್ಲ.

ಅಲ್ಲಿಯವರೆಗೆ ಒಂದೇ ಕೆಲಸ. ಅವನಿಗೆ ಹಿತವಾದ ಒಬ್ಬರೇ ಒಬ್ಬರು ದಿನಾ ಅದೇ ಹೊತ್ತಿಗೆ ಒಂದು ತಾಸು ಹತ್ತಿರ ಕೂಡಲಿ. ಬಾವಿಯ ಮಾತು ಎತ್ತಬಾರದು, ಕೈ ಮುಟ್ಟಬಾರದು, ಬುದ್ಧಿವಾದ ಬೇಡವೇ ಬೇಡ. ಮಾತು ಅವನಿಗೆ ಬಂದಾಗ ಬರಲಿ. ಬಾರದಿದ್ದರೂ ಮರುದಿನ ಮತ್ತೆ ಬಂದು ಕೂಡಬೇಕು.

ಇದನ್ನು ನಾನು ಪುಸ್ತಕ ನೋಡಿ ಹೇಳುತ್ತಿಲ್ಲ. ನನ್ನ ವಾರ್ಡಿನ ಸಗೀರಾ ಎಂಬ ಹುಡುಗಿ ಆರು ತಿಂಗಳು ಬಾಯಿ ಬಿಟ್ಟಿರಲಿಲ್ಲ. ನಾನು ದಿನಾ ಸಂಜೆ ಹತ್ತಿರ ಕೂತೆ. ಹೋದ ವಾರ ಜಡೆ ಹಾಕಿಕೊಳ್ಳುತ್ತ ಹಾಡು ಗುನುಗಿದಳು. ಮನೆಗೆ ಕಳಿಸಬಹುದು ಅಂತ ನಾನೇ ಬರೆದು ಸಹಿ ಮಾಡಿದೆ. ಬರುವ ಸೋಮವಾರ ಹೊರಡುತ್ತಾಳೆ. ನಿನ್ನ ತಂಗಿಗೆ ಸ್ವಲ್ಪ ಜಂಬ ಬಂದಿದ್ದರೆ ಕ್ಷಮಿಸು.

ಕಸ್ತೂರಿ


ಮೋರಟಗಿ
೨ ಎಪ್ರಿಲ್ ೧೯೭೪

ಜಂಬದ ತಂಗಿಗೆ,

ನಿನ್ನ ಪತ್ರವನ್ನು ಕುರುಬರ ಓಣಿಯ ಕಟ್ಟೆಯ ಮೇಲೆ ಗಟ್ಟಿಯಾಗಿ ಓದಿದೆ. ಓದದಿದ್ದರೂ ನಡೆಯುತ್ತಿತ್ತು. ಅಂಚೆಯ ಅಬ್ದುಲರಜಾಕ ಬಂದ ಪತ್ರಕ್ಕಿಂತ ಬಂದ ಸುದ್ದಿಯನ್ನು ಮೊದಲು ಹಂಚುತ್ತಾನೆ.

ಕಟ್ಟೆಗೆ ಒಡತಿ ಹುಚ್ಚವ್ವ. ನಿನಗೆ ಗೊತ್ತಿರುವವಳೇ: ಹೆಸರಿನಲ್ಲಿರುವುದು ತಲೆಯಲ್ಲಿ ಎಳ್ಳಷ್ಟೂ ಇಲ್ಲದ ಮುದುಕಿ. ಗಂಡ ಸತ್ತು ಮೂವತ್ತು ವರ್ಷ, ಮಕ್ಕಳಿಲ್ಲ, ಓಣಿಯ ಮೂವತ್ತೊಂದು ಮನೆಗಳಲ್ಲಿ ಯಾವಾಗ ಯಾರ ಕುರಿಯ ಉಣ್ಣೆ ಕತ್ತರಿಸಬೇಕು ಎಂದು ಪಾಳಿ ಹಚ್ಚುವವಳು ಅವಳೇ.

"ಡಾಕ್ಟರಬಾಯಿ ಏನಂತಾಳ?" ಎಂದಳು.

"ದಿನಾ ಒಂದು ತಾಸು ಒಬ್ಬರು ಹತ್ತಿರ ಕೂಡಬೇಕಂತ."

"ಕುಂತ ಏನ ಮಾಡಬೇಕು?"

"ಏನೂ ಮಾಡಬಾರದಂತ."

ಗುರಣ್ಣ ತಲೆ ಕೆರೆದುಕೊಂಡ. "ಏನೂ ಮಾಡದ ಕುಂಡ್ರಾಕ ಇಷ್ಟ ದೊಡ್ಡ ಸಾಲಿ ಕಲೀಬೇಕೇನ್ರಿ ಮಾಸ್ತರ? ನಮ್ಮ ಓಣ್ಯಾಗ ಭಾಳ ಮಂದಿ ಸಾಲಿಗಿ ಹೋಗಲಾರದನ ಮಾಡಾಕತ್ತಾರ."

ಹುಚ್ಚವ್ವ ಅವನ ಕಡೆ ನೋಡಲಿಲ್ಲ. "ಸುಮ್ನ ಬಂದ ಕುಂತ್ರ ಅದು ದಾನ ಆಗ್ತೈತಿ. ನಮ್ಮ ಹುಡುಗಗ ಯಾರ ದಾನಾನೂ ಬ್ಯಾಡ. ಮತ್ತ ಒಬ್ಬರ ಮ್ಯಾಲ ಯಾಕ ಭಾರ? ಮುಯ್ಯಿ ಹಾಕೂಣು" ಎಂದಳು.

ಪುಣೆಯಲ್ಲಿ ಮುಯ್ಯಿ ಮರೆತಿರಬಹುದು, ನೆನಪು ಮಾಡುತ್ತೇನೆ. ಇವತ್ತು ನಿನ್ನ ಕುರಿ ಕತ್ತರಿಸಲು ನನ್ನ ಮನೆಯ ಆಳು ಬಂದರೆ, ನಾಳೆ ನನ್ನ ಕುರಿಗೆ ನಿನ್ನ ಮನೆಯ ಆಳು ಬರಬೇಕು. ಕೂಲಿ ಇಲ್ಲ. ಕಳೆ ತೆಗೆದರೆ ಕಳೆ, ರೊಟ್ಟಿ ಬಡಿದರೆ ರೊಟ್ಟಿ. ಕೊಟ್ಟ ಜಾತಿಯ ಕೆಲಸವನ್ನೇ ತಿರುಗಿ ಕೊಡಬೇಕು. ಈಗ ಹುಚ್ಚವ್ವ ಈ ಪಟ್ಟಿಗೆ ಹೊಸ ಕೆಲಸ ಸೇರಿಸಿದ್ದಾಳೆ: ಕೂಡು ಮುಯ್ಯಿ. ನಮ್ಮ ಭಾಷೆಯ ಸೊಗಸು ನೋಡು, ಕೂಡುವುದೆಂದರೆ ಕೂತುಕೊಳ್ಳುವುದೂ ಹೌದು, ಒಂದಾಗುವುದೂ ಹೌದು.

ನೀನು ಒಬ್ಬರು ಎಂದೆ, ಈಗ ಮೂವತ್ತಮೂರು ಮನೆ. ಓಣಿಯವು ಮೂವತ್ತೊಂದು, ಅಬ್ದುಲರಜಾಕನದು ಒಂದು, ನಮ್ಮದು ಒಂದು. ನನ್ನ ಪಾಳಿಯಲ್ಲಿ ಹತ್ತು ನಿಮಿಷಕ್ಕೇ ಒಂದು ಜೋಕು ಬಾಯಿಂದ ಜಾರಿತು. ಹುಚ್ಚವ್ವ ರಟ್ಟೆ ಹಿಡಿದು ಎಬ್ಬಿಸಿ ಅವ್ವನನ್ನು ಕರೆಸಿದಳು. ಅವ್ವ ಇಲಕಲ್ಲ ಸೀರೆ ಉಟ್ಟು ಹೋಗಿ ಒಂದು ತಾಸು ತುಟಿ ಬಿಚ್ಚದೆ ಕೂತು ಬಂದಳು. ಮನೆಗೆ ಬಂದ ಮೇಲೆ ಆ ತಾಸಿನ ಮಾತನ್ನೂ ಸೇರಿಸಿ ಆಡಿದಳು.

ಹನ್ನೆರಡು ದಿನವಾಯಿತು. ಮೊದಲ ವಾರ ಗೋಡೆಯ ಕಡೆ ಮುಖ ಮಾಡಿ ಕೂತಿದ್ದವನು ಈಗ ಬಾಗಿಲ ಕಡೆ ತಿರುಗಿದ್ದಾನೆ. ಇವತ್ತು ಯಾರು ಬರುತ್ತಾರೆ ಎಂದು ನೋಡಬೇಕಲ್ಲ.

ಸಗೀರಾ ಊರು ಮುಟ್ಟಿದಳೇ?

ಅಣ್ಣ


ಪುಣೆ
೨೦ ಎಪ್ರಿಲ್ ೧೯೭೪

ಅಣ್ಣಾ,
ಪತ್ರ ಬಂತು. ಕೆಲಸ ಬಹಳ. ಅಷ್ಟು ಜನ ಬೇಡ, ಒಬ್ಬರೇ ಸಾಕು. ಅವ್ವನಿಗೆ ನಮಸ್ಕಾರ.
ಕ.


ಮೋರಟಗಿ
೨ ಮೇ ೧೯೭೪

ಕುಮಾರಿ ಎರಡೂವರೆ ಸಾಲಿನವರಿಗೆ,

ಇಷ್ಟು ಚಿಕ್ಕದಾಗಿ ಬರೆಯುವವರು ಲೋಕದಲ್ಲಿ ಎರಡೇ ತರದವರು: ತಂತಿ ಕಳಿಸುವವರು, ಮನಸ್ಸು ಬೇರೆ ಎಲ್ಲೋ ಇಟ್ಟವರು. ನಿನಗೆ ತಂತಿಯ ಅವಸರವಿಲ್ಲ. ಹಾಗಾದರೆ ಅವನ ಹೆಸರೇನು? ಮರಾಠಿಯವನೇ? ರೊಟ್ಟಿ ತಿನ್ನುತ್ತಾನೋ, ಬರೀ ಚಪಾತಿಯೋ? ಅವ್ವನಿಗೆ ನಾನಿನ್ನೂ ಹೇಳಿಲ್ಲ. ನಿನ್ನ ಗುಟ್ಟು ಅಬ್ದುಲರಜಾಕನ ಕೈಗೆ ಸಿಗದಂತೆ ಈ ಪತ್ರಕ್ಕೆ ಎರಡು ಸಲ ಗೋಂದು ಹಚ್ಚಿದ್ದೇನೆ.

ಇಲ್ಲಿಯ ಸಮಾಚಾರ. ಹದಿನೇಳನೆಯ ದಿನದ ಪಾಳಿ ರುಕ್ಮವ್ವನದು. ಸೋಮನಿಂಗನ ಹೆಂಡತಿ. ಆ ಮನೆ ಬಿಟ್ಟು ಮುಂದಿನ ಮನೆಗೆ ಹೋಗೋಣ ಎಂದು ಗುರಣ್ಣ ಎಂದಿದ್ದ. ರುಕ್ಮವ್ವ ಕಟ್ಟೆಗೆ ಬಂದು, "ನಮ್ಮ ಮನಿ ಓಣ್ಯಾಗ ಇಲ್ಲೇನ?" ಎಂದಳು. 

ಬಂದು ಕೂತಳು. ಇಡೀ ತಾಸು ಅಮೋಘಸಿದ್ಧ ಚಳಿ ಬಂದವನಂತೆ ನಡುಗಿದ. ಆಕೆ ನೆಲ ನೋಡುತ್ತ ಕೂತಿದ್ದವಳು, ಏಳುವಾಗ ಅವನ ಹೆಗಲಿನಿಂದ ಜಾರಿದ ಕಂಬಳಿಯನ್ನು ಸರಿ ಮಾಡಿ ಹೋದಳು.

ಮರುದಿನ ಹುಚ್ಚವ್ವ ಘೋಷಿಸಿದಳು: ಮುಯ್ಯಿ ತಿರುಗಿಸುವುದು ಇನ್ನು ಶುರು. ಶೇವಂತೆವ್ವ ಅತ್ತಳು. "ಚಿಗವ್ವಾ, ಕೈ ಬರಲಾರದಾಂವ ಏನ ತಿರಗಸ್ತಾನ?"

"ಕೈ ಬರಾಂಗಿಲ್ಲಂದ್ರ ಕುಂಡ್ರಾಕೂ ಬರಾಂಗಿಲ್ಲೇನ? ಕುಂಡ್ರೂದು ಕೈಯಿಂದೇನ?"

ಹೀಗೆ ನಮ್ಮ ರೋಗಿ ಈಗ ದಿನಾ ಒಂದು ಮನೆಗೆ ಹೋಗಿ ಕೂಡುತ್ತಿದ್ದಾನೆ. ಎಲ್ಲ ಮನೆಯಲ್ಲೂ ಯಾರಿಗಾದರೂ ಹತ್ತಿರ ಕೂಡುವವರು ಬೇಕಾಗಿದ್ದರು, ನಮಗೇ ಗೊತ್ತಿರಲಿಲ್ಲ. ಅಬ್ದುಲರಜಾಕನ ತಾಯಿಗೆ ಕಣ್ಣು ಕಾಣುವುದಿಲ್ಲ. ಆಕೆ, "ನಿನ್ನ ಕುರಿ ಹೆಂಗ ಅದಾವ, ಒಂದೊಂದ ಹೇಳು" ಎಂದಳಂತೆ. ಹನ್ನೊಂದು ತಿಂಗಳು ಬಾಯಿ ಬಿಡದವನು ಮೂವತ್ತೆಂಟು ಕುರಿಗಳ ಗುರುತು ಒಂದೊಂದಾಗಿ ಹೇಳಿದ: ಬಿಳಿ ಕಿವಿಯದು, ಮುರಿದ ಕೋಡಿನದು, ಹಟಮಾರಿ. ಅಬ್ದುಲರಜಾಕ ಅಂದು ಟಪಾಲು ಹಂಚುವುದನ್ನೇ ಮರೆತ.

ಮಾತು ಬಂತು, ಕೈ ಇನ್ನೂ ಹಾಗೇ ಇದೆ. ಬರುವ ಹದಿನಾಲ್ಕಕ್ಕೆ ರುಕ್ಮವ್ವನ ಅಂಗಳದಲ್ಲಿ ಅವನ ಪಾಳಿ. ಗುರಣ್ಣ ಜೂನ್ ಹದಿನೈದನ್ನು ಎಣಿಸುತ್ತಿದ್ದಾನೆ, ಶೇವಂತೆವ್ವ ಮೇ ಹದಿನಾಲ್ಕನ್ನು.

ಅಣ್ಣ


ಪುಣೆ
೭ ಮೇ ೧೯೭೪

ಅಣ್ಣಾ,

ಈ ಪತ್ರ ಮುಟ್ಟಿದ ಕ್ಷಣ ಎದ್ದು ಹೋಗಿ ನಿಲ್ಲಿಸು. ಅವನು ರುಕ್ಮವ್ವನ ಮನೆಗೆ ಹೋಗಬಾರದು.

ನಿನಗೆ ಇದು ತಮಾಷೆಯಾಗಿ ಕಾಣುತ್ತಿರಬಹುದು. ಊರೆಲ್ಲ ಸೇರಿ ಆಡುವ ಆಟವಲ್ಲ ಇದು. ಆ ಹೆಂಗಸು ಒಂದು ಮಾತು ಆಡಿದರೆ ಸಾಕು, ನನ್ನ ಗಂಡನಿದ್ದರೆ ಅಂತ ಒಂದು ಮಾತು, ಇವನು ಏನು ಮಾಡಿಕೊಳ್ಳುತ್ತಾನೆ ಗೊತ್ತೇ? ಮಾತು ಬಂತು, ಮುಖದ ಮೇಲೆ ಕಳೆ ಬಂತು ಅಂತ ನಾವು ಹಿಗ್ಗುತ್ತೇವೆ. ಸುಧಾರಿಸಿದಂತೆ ಕಂಡವರೇ

ಇರಲಿ. ನಿಲ್ಲಿಸು, ಅಷ್ಟೇ. ಜೂನ್ ಹದಿನೈದಕ್ಕೆ ಕರೆದುಕೊಂಡು ಬಾ. ಇಲ್ಲಿ ನೋಡಿಕೊಳ್ಳುವವರು ಇದ್ದಾರೆ. ನಾನಲ್ಲ, ಬೇರೆಯವರು.

ಮದುವೆಯ ಮಾತು ಇನ್ನೊಮ್ಮೆ ಬರೆಯಬೇಡ.

ಕಸ್ತೂರಿ


ಮೋರಟಗಿ
೧ ಜೂನ್ ೧೯೭೪

ಪ್ರೀತಿಯ ತಂಗಿಗೆ,

ನೀನು ಏಳಕ್ಕೆ ಬರೆದ ಪತ್ರ ನಿನ್ನೆ ಕೈ ಸೇರಿತು. ರೈಲಿನವರ ಮುಷ್ಕರದಲ್ಲಿ ಯಾವ ಸ್ಟೇಷನ್ನಿನ ಚೀಲದಲ್ಲಿ ಮಲಗಿತ್ತೋ. ಅಬ್ದುಲರಜಾಕ ತಾನೇ ಮುಷ್ಕರ ಹೂಡಿದವನಂತೆ ಮುಖ ಸಣ್ಣದು ಮಾಡಿ ಕೊಟ್ಟ.

ನೀನು ನಿಲ್ಲಿಸು ಎಂದದ್ದು ನಡೆದುಹೋಗಿ ಹದಿನೇಳು ದಿನವಾಗಿತ್ತು. ನಡೆದದ್ದನ್ನು ಹುಚ್ಚವ್ವ ಕಣ್ಣಾರೆ ಕಂಡು ಹೇಳಿದ ಹಾಗೆ ಬರೆಯುತ್ತೇನೆ. ಬರೆಯಬಹುದು ಎಂದು ರುಕ್ಮವ್ವನೇ ಹೇಳಿದ್ದಾಳೆ.

ಹದಿನಾಲ್ಕರ ಮಧ್ಯಾಹ್ನ ಅವನು ಹೋಗಿ ಅಂಗಳದ ಅಂಚಿಗೆ ಕೂತ. ಹುಚ್ಚವ್ವ ಇನ್ನೊಂದು ಅಂಚಿಗೆ ಉಣ್ಣೆ ಹಿಂಜುತ್ತ ಕೂತಿದ್ದಳು. ರುಕ್ಮವ್ವ ಕಂಬಳಿಯ ಹಾಸು ಕಟ್ಟಿದ್ದಳು. ಅಂಗಳದ ಈ ಗೂಟದಿಂದ ಆ ಗೂಟದವರೆಗೆ ಕರಿ ಎಳೆಗಳನ್ನು ಬಿಗಿದು, ಹುಣಸೆ ಬೀಜದ ಗಂಜಿ ಬಳಿಯುತ್ತಿದ್ದಳು. ಅರ್ಧ ತಾಸು ಕಳೆಯಿತು. ಆಗ ಯಾರದೋ ಆಡು ಒಳಗೆ ನುಗ್ಗಿ ಒಂದು ಕಡೆಯ ಗೂಟ ಕಿತ್ತಿತು. ಹಸಿ ಎಳೆಗಳೆಲ್ಲ ಮಣ್ಣಿಗೆ ಬೀಳಬೇಕು, ಮೂರು ತಿಂಗಳ ನೂಲು ಹಾಳಾಗಬೇಕು. ರುಕ್ಮವ್ವನ ಎರಡೂ ಕೈ ಗಂಜಿಯಲ್ಲಿ.

"ಹಿಡೀಯೋ ಅಮೋಗ್ಯಾ" ಎಂದಳು.

ಹಿಡಿದ.

ಹೇಗೆ ಎಂದು ನನ್ನನ್ನು ಕೇಳಬೇಡ, ನೀನು ಓದಿದವಳು, ನೀನೇ ಹೇಳಬೇಕು. ಗೂಟದ ಸಮೇತ ಎಳೆಗಳನ್ನು ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೆ ಜೋತು ನಿಂತ. ಹತ್ತೂ ಬೆರಳು ಮಡಚಿದ್ದವು. ಅವನೇ ತನ್ನ ಕೈ ನೋಡಿಕೊಂಡು ಬೆವರಿದ.

ಗೂಟ ಬಡಿಯುವ ಕಲ್ಲು ರುಕ್ಮವ್ವನ ಕಾಲ ಬುಡದಲ್ಲೇ ಇತ್ತು. ಆಕೆ ಅದನ್ನು ಮುಟ್ಟಲಿಲ್ಲ. ಹೋಗಿ ಗಂಜಿಯ ಗಡಿಗೆ ತಂದು ಮತ್ತೆ ಬಳಿಯಲು ಸುರು ಮಾಡಿದಳು. ಆ ತುದಿಯಿಂದ ಈ ತುದಿಗೆ, ಈ ತುದಿಯಿಂದ ಆ ತುದಿಗೆ. ಎರಡನೆಯ ಸಲ ಅವನ ಹತ್ತಿರ ಬಂದಾಗ ತಲೆ ಎತ್ತದೆ ಹೇಳಿದಳಂತೆ:

"ಅವತ್ತ ಮನ್ಯಾಗ ಎರಡ ಹಗ್ಗ ಇದ್ದುವು. ಹೊಸಾ ಪುಂಡಿ ನಾರಿನ ಹಗ್ಗ ಎತ್ತಿಗಿ ಇರಲಿ ಅಂತ ತಗದಿಟ್ಟಿದ್ದೆ. ಹಳೇದ ಕೊಟ್ಟ ಕಳಿಸಿದಾಕಿ ನಾನು. ಯಾರಿಗೂ ಹೇಳಿಲ್ಲ. ಹೇಳೂಣು ಅಂದ್ರ ವರ್ಷಾತು, ಈ ಅಂಗಳದಾಗ ಯಾರೂ ಬಂದ ಕುಂತಿಲ್ಲ."

ಅಮೋಘಸಿದ್ಧ ಎಳೆಗಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದು, "ನಾ ಕೈ ಬಿಟ್ಟೆ ಅಂತ ತಿಳಕೊಂಡಿದ್ದೆ ವೈನಿ" ಎಂದ.

"ನೀ ಬಿಟ್ಟಿಲ್ಲ. ಬೆರಳ ಬಿಡಸಾಕ ನಾಕ ಮಂದಿ ಬಂದಿದ್ರು. ನಾ ನೋಡೇನಿ."

"ಹಗ್ಗ ಹರೀತೈತಂತ ನಿನಗೂ ಗೊತ್ತಿರಲಿಲ್ಲ."

"ಇರಲಿಲ್ಲ."

ಇಷ್ಟೇ. ಆಮೇಲೆ ಇಬ್ಬರೂ ಅತ್ತರಂತೆ, ಹುಚ್ಚವ್ವನೂ ಅತ್ತಳಂತೆ, ಆದರೆ ಅದನ್ನು ಮಾತ್ರ ಬರೆಯಬೇಡ ಎಂದಿದ್ದಾಳೆ. ಹೊತ್ತು ಮುಳುಗುವವರೆಗೆ ಅವನು ಹಿಡಿದೇ ನಿಂತಿದ್ದ. ಗಂಜಿ ಒಣಗಿ ಎಳೆಗಳು ತಂತಿಯಂತೆ ಬಿರುಸಾದವು. ಮನೆಗೆ ಬಂದು ಮಗಳನ್ನು ಎತ್ತಿಕೊಂಡ. ಕೂಸು ಗಂಜಿಯ ವಾಸನೆಗೆ ಮೂಗು ಮುಚ್ಚಿಕೊಂಡಿತು. ಶೇವಂತೆವ್ವ ಓಣಿಯ ಮೂವತ್ತೊಂದು ಮನೆಗೂ ಹೋಳಿಗೆ ಹಂಚಿದಳು. ಗುರಣ್ಣ ತಾನೇ ಬಂದು, "ಮಾಸ್ತರ, ಆ ಜಾಗಾ ಬ್ಯಾರೇದವರಿಗೆ ಕೊಡಾಕ ಹೇಳ್ರಿ. ಕುರಿ ಹಿಂದ ನಮಗ ಆಳ ಬೇಕು" ಎಂದ. ಆ ಹೊತ್ತಿಗೆ ರುಕ್ಮವ್ವನ ಅಂಗಳಕ್ಕೂ ಹುಚ್ಚವ್ವ ಪಾಳಿ ಹಚ್ಚಿದ್ದಳು. ಈಗ ಅಲ್ಲಿ ದಿನಾ ಜನ.

ನೀನು ಪುಸ್ತಕದಲ್ಲಿ ಬರೆ, ನಮ್ಮೂರ ಹೆಸರು ಬಿಡಬೇಡ.

ಇನ್ನೊಂದು ಮಾತು. ಅವ್ವನಿಗೆ ಓದಲು ಬರುವುದಿಲ್ಲ, ಗೊತ್ತಲ್ಲ. ನಿನ್ನ ಪತ್ರಗಳನ್ನು ಸಾಲಾಗಿ ಇಟ್ಟು ನೋಡುತ್ತಿದ್ದಳು. "ಬಸಂತಾ, ಕಸ್ತೂರಿ ಅಕ್ಷರ ಸಣ್ಣ ಆಗ್ಯಾವ ನೋಡು" ಎಂದಳು. ನಾನು ಮರಾಠಿ ಅಳಿಯನ ಹುಡುಕಾಟದಲ್ಲಿದ್ದೆ, ಅಕ್ಷರ ನೋಡಿರಲಿಲ್ಲ. ಏಳನೆಯ ತಾರೀಖಿನ ಪತ್ರದಲ್ಲಿ ಒಂದು ಸಾಲನ್ನು ಅರ್ಧಕ್ಕೇ ಬಿಟ್ಟಿದ್ದೀ. ಸಗೀರಾ ಬಗ್ಗೆ ಕೇಳಿದೆ, ಉತ್ತರವಿಲ್ಲ.

ಏನಾಯಿತು?

ಅಣ್ಣ


ಪುಣೆ
೯ ಜೂನ್ ೧೯೭೪

ಅಣ್ಣಾ,

ನಿನ್ನ ಪತ್ರವನ್ನು ನಾಲ್ಕು ಸಲ ಓದಿದೆ. ಅಮೋಘಸಿದ್ಧನ ಕೈ ನನ್ನ ಕಣ್ಣ ಮುಂದೆ ಬರುತ್ತದೆ. ಹಾಸ್ಟೆಲಿನ ಕೋಣೆಯಲ್ಲಿ ಒಬ್ಬಳೇ ಕೂತು ನಕ್ಕೆ. ಎರಡು ತಿಂಗಳಲ್ಲಿ ಮೊದಲ ಸಲ.

ಸಗೀರಾ ಮನೆ ಮುಟ್ಟಿದ ಹನ್ನೊಂದನೆಯ ದಿನ ತೀರಿಕೊಂಡಳು. ತಾನಾಗಿಯೇ. ಅವಳ ಅಣ್ಣ ಬಂದು ಹೇಳಿದ. ಬಾಗಿಲಲ್ಲೇ ನಿಂತು, "ಠೀಕ್ ಹೋ ಗಯೀ ಹೈ, ಗುಣವಾಗಿದ್ದಾಳೆ ಅಂತ ನೀವೇ ಅಂದಿದ್ದಿರಿ" ಎಂದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅಂದಿನಿಂದ ನಾನು ವಾರ್ಡಿಗೆ ಹೋಗಿಲ್ಲ. ಹಳೆಯ ಕಾಗದಗಳ ಕೋಣೆಯಲ್ಲಿ ಕೆಲಸ ಕೇಳಿಕೊಂಡೆ. ಇಲ್ಲಿಯವರು ಒಳ್ಳೆಯವರು, ಯಾರೂ ಏನೂ ಕೇಳುವುದಿಲ್ಲ. ಎಲ್ಲರೂ ನನ್ನ ಕೋಣೆಯ ಮುಂದೆ ಮೆಲ್ಲಗೆ ಹೆಜ್ಜೆ ಇಟ್ಟು ಹೋಗುತ್ತಾರೆ. ರಾಜೀನಾಮೆ ಬರೆದಿಟ್ಟಿದ್ದೇನೆ. ತಿಂಗಳ ಕೊನೆಗೆ ಕೊಟ್ಟು ಊರಿಗೆ ಬರುತ್ತೇನೆ. ಸಿಂದಗಿಯಲ್ಲಿ ಕೆಮ್ಮು ನೆಗಡಿಗೆ ಔಷಧ ಕೊಡುತ್ತ ಇರಬಹುದು, ಅಲ್ಲಿ ನನ್ನ ಸಹಿ ಯಾರ ಜೀವವನ್ನೂ ತೆಗೆಯುವುದಿಲ್ಲ.

ಅವ್ವನಿಗೆ ಹೇಳಬೇಡ.

ಕಸ್ತೂರಿ


ಮೋರಟಗಿ
೧೫ ಜೂನ್ ೧೯೭೪

ಕಸ್ತೂರೆವ್ವಾ,

ನಾನು ನಗಿಸುತ್ತ ಹೋದೆ, ನೀನು ಅಳುತ್ತಿದ್ದೆ. ಈ ತಪ್ಪಿಗೆ ನನ್ನ ಹತ್ತಿರ ಮಾತಿಲ್ಲ.

ಅವ್ವನಿಗೆ ಹೇಳಿದೆ. ಅವ್ವ ಹುಚ್ಚವ್ವನಿಗೆ ಹೇಳಿದಳು. ಅಮೋಘಸಿದ್ಧ ಅಲ್ಲೇ ಕೂತಿದ್ದ. "ಮಾಸ್ತರ, ನಿಮ್ಮ ಅವ್ವಾರ ನನ್ನ ಹತ್ರ ಕುಂತಿದ್ರು. ಆ ಮುಯ್ಯಿ ಇನ್ನೂ ತಿರಗಿಸಿಲ್ಲ. ಅವರ ಮಗಳಿಗಿ ತಿರಗಸ್ಲೇನು?" ಎಂದ. ಅವ್ವ ಹೂಂ ಎಂದಳು. ಮಗಳಿಗೆ ತಿರುಗಿಸಿದರೂ ಮುಯ್ಯಿ ತೀರಿದಂತೆಯೇ ಎಂದು ಹುಚ್ಚವ್ವ ತೀರ್ಪು ಕೊಟ್ಟಳು.

ಅವನೂ ಹುಚ್ಚವ್ವನೂ ಬೆಳಗಿನ ಬಸ್ಸಿಗೆ ಹೊರಟಿದ್ದಾರೆ. ಈ ಪತ್ರ ಅವನ ಕೈಯಲ್ಲೇ ಕೊಟ್ಟಿದ್ದೇನೆ.

ಬಸಂತರಾಯ


ಪುಣೆ
೩೦ ಜೂನ್ ೧೯೭೪

ಬಸಂತಣ್ಣಾ,

ಅವರನ್ನು ಹದಿನೆಂಟಕ್ಕೇ ರೈಲು ಹತ್ತಿಸಿದೆ, ಪತ್ರ ಈಗ ಬರೆಯುತ್ತಿದ್ದೇನೆ. ಕೋಪ ಮಾಡಿಕೊಳ್ಳಬೇಡ. ಈ ಹನ್ನೆರಡು ದಿನ ಏನಾಗುತ್ತದೆ ನೋಡಿ ಬರೆಯೋಣ ಅಂತ ಕಾದೆ.

ಹದಿನಾರಕ್ಕೆ ಬಂದರು. ಬಾಗಿಲ ಕಾವಲುಗಾರ ತಡೆದು, ಪೇಶಂಟ್ ಯಾರು ಅಂತ ಕೇಳಿದ್ದಾನೆ. ಹುಚ್ಚವ್ವ, "ಪೇಶಂಟ ಡಾಕ್ಟರಬಾಯಿ. ನಾವು ಆಕೀನ ನೋಡಾಕ ಬಂದೇವಿ" ಎಂದಿದ್ದಾಳೆ. ಅವನು ಓಡಿ ಬಂದು ನನ್ನನ್ನು ಕರೆದ. ಎರಡು ತಿಂಗಳಿನಿಂದ ಈ ಆಸ್ಪತ್ರೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದ ಮಾತನ್ನು ಆ ಮುದುಕಿ ಬಾಗಿಲಲ್ಲೇ ಹೇಳಿಬಿಟ್ಟಿದ್ದಳು.

ಅಮೋಘಸಿದ್ಧ ನನ್ನ ಕಾಗದಗಳ ಕೋಣೆಯಲ್ಲಿ ನೆಲದ ಮೇಲೆ ಕೂತ. ಕುರ್ಚಿ ಬೇಡ ಎಂದ. ಹುಚ್ಚವ್ವ ಬಾಗಿಲ ಹೊರಗೆ ಕೂತು, ಬಂದವರನ್ನೆಲ್ಲ ಕನ್ನಡದಲ್ಲಿ ಗದರಿ ಕಳಿಸಿದಳು, ಅವರಿಗೆಲ್ಲ ಚೆನ್ನಾಗಿ ಅರ್ಥವಾಯಿತು. ಒಂದು ತಾಸು. ಅವನು ಒಂದು ಮಾತೂ ಆಡಲಿಲ್ಲ. ಮೊದಲು ನನಗೆ ಅವನಿಗೆ ಚಹಾ ತರಿಸಬೇಕು ಅನ್ನಿಸಿತು, ಆಮೇಲೆ ಅವನ ಕೈಯ ವಿಚಾರ ಕೇಳಬೇಕು ಅನ್ನಿಸಿತು, ಆಮೇಲೆ ಏನೂ ಅನ್ನಿಸದೆ ಅತ್ತುಬಿಟ್ಟೆ. ಅವನು ಆಗಲೂ ಸುಮ್ಮನೆ ಕೂತಿದ್ದ. ಸಗೀರಾಳ ಹೆಸರು ಬಾಯಿಬಿಟ್ಟು ಹೇಳಿದೆ. ಅವಳು ಗುನುಗಿದ ಹಾಡನ್ನೂ ಹೇಳಿದೆ.

ತಾಸು ಮುಗಿದ ಮೇಲೆ ಕೇಳಿದ. "ಕೈ ನೋಡಕೋಂತ ನಾ ಒಂದ ವರ್ಷ ಕುಂತೆ. ನೀವ ಎಷ್ಟ ದಿನಾ ಆತ್ರಿ, ಅಕ್ಕಾರ?"

"ಹತ್ತು ವಾರ."

"ಹಂಗಾರ ಇನ್ನೂ ಭಾಳ ಆಗಿಲ್ಲ" ಎಂದು ಎದ್ದು ಕಂಬಳಿ ಕೊಡವಿದ.

ಮರುದಿನವೂ ಬಂದು ಕೂತ. ಅದಾದ ಮೇಲೆ ನಾನು ವಾರ್ಡಿನ ಬಾಗಿಲು ತೆಗೆದೆ. ಅವನು ಹೊರಗೆ ನಿಂತಿದ್ದ. ಹೆಂಗಸರ ವಾರ್ಡು, ಒಳಗೆ ಬರುವ ಹಾಗಿಲ್ಲ. ಇಪ್ಪತ್ತೆರಡು ಹಾಸಿಗೆ, ಇಪ್ಪತ್ತೊಂದು ಮುಖ ನನ್ನ ಕಡೆ ತಿರುಗಿದವು. ಒಂದು ಮುಖ ತಿರುಗಲಿಲ್ಲ. ಶಮ್ಶುನ್ನೀಸಾ, ಸಗೀರಾಳ ಪಕ್ಕದ ಹಾಸಿಗೆಯವಳು. ಸಗೀರಾಳ ಸುದ್ದಿಯನ್ನು ಅವಳಿಗೆ ಒಬ್ಬರೂ ಕೂತು ಹೇಳಿರಲಿಲ್ಲ. ಆಚೆ ಈಚೆ ಕೇಳಿ ತಿಳಿದಿದ್ದಳು. ಅಂದಿನಿಂದ ಗೋಡೆಗೆ ಮುಖ ಮಾಡಿ ಮಲಗಿದ್ದಾಳೆ. ನನ್ನ ಹತ್ತು ವಾರಗಳಲ್ಲಿ ಅವಳಿಗೂ ಹತ್ತು ವಾರಗಳಿದ್ದವು ಎಂಬುದು ನನಗೆ ಹೊಳೆದೇ ಇರಲಿಲ್ಲ, ಅಣ್ಣಾ.

ಹೋಗಿ ನೆಲದ ಮೇಲೆ ಕೂತೆ. ಔಷಧದ ಹಾಳೆ ತೆಗೆದುಕೊಂಡು ಹೋಗಲಿಲ್ಲ. ಐದು ದಿನ ಕೂತೆ. ಆರನೆಯ ದಿನ ಗೋಡೆಯ ಕಡೆಯಿಂದಲೇ, "ನೀವೂ ಅತ್ತಿರಾ?" ಎಂದು ಕೇಳಿದಳು. ಅತ್ತೆ ಎಂದೆ. ತಿರುಗಿದಳು.

ಎಂಟನೆಯ ದಿನ ನಾನು ಹೋದಾಗ ಅವಳ ಹಾಸಿಗೆ ಖಾಲಿ. ಸಾಲುಸಾಲಾಗಿ ಹಾಸಿಗೆ ಹುಡುಕುತ್ತ ಓಡಿದೆ. ನೋಡಿದರೆ ವಾರ್ಡಿನ ಆ ಕೊನೆಯಲ್ಲಿ, ಯಾರೊಡನೆಯೂ ಮಾತಾಡದ ಮುದುಕಿ ಕಾಶಿಬಾಯಿಯ ಹಾಸಿಗೆಯ ಬುಡದಲ್ಲಿ ನೆಲದ ಮೇಲೆ ಕೂತಿದ್ದಳು. ನಾನು ಮುಯ್ಯಿಯ ವಿಚಾರ ಅವಳಿಗೆ ಹೇಳಿರಲಿಲ್ಲ. ಯಾರೂ ಹೇಳಿರಲಿಲ್ಲ. ನನ್ನನ್ನು ಕಂಡು ಬಾಯಿಯ ಮೇಲೆ ಬೆರಳಿಟ್ಟು, ಹೋಗು ಅಂತ ಸನ್ನೆ ಮಾಡಿದಳು. ಹೊರಗೆ ಬಂದು ಬಾಗಿಲ ಹತ್ತಿರ ನಿಂತೆ. ಅಲ್ಲಿ ನಮ್ಮ ದೊಡ್ಡ ಡಾಕ್ಟರರು ಮೊದಲೇ ನಿಂತು ನೋಡುತ್ತಿದ್ದರು. "ಇದು ಯಾವ ಪದ್ಧತಿ?" ಎಂದರು. "ಮೋರಟಗಿಯದು" ಎಂದೆ. ಬರೆದು ಕೊಡು ಎಂದರು. ಬರೆಯುವುದಕ್ಕಿಂತ ಮೊದಲು ನೀವೊಂದು ತಾಸು ಕೂಡಬೇಕು ಎಂದೆ. ಗುರುವಾರ ಬಂದು ಕೂತರು. ಮಂಡಿ ನೋವು ಅಂದರು, ಆದರೂ ತಾಸು ಮುಗಿಸಿ ಎದ್ದರು. ಬರುವ ಗುರುವಾರವೂ ಬರುತ್ತಾರೆ.

ರಾಜೀನಾಮೆಯ ಕಾಗದ ಹರಿದು ಹಾಕಿದೆ. ಸಗೀರಾಳನ್ನು ಮರೆತಿಲ್ಲ, ಮರೆಯುವುದೂ ಇಲ್ಲ. ಅವಳನ್ನು ಕಳಿಸಿದಾಗ ಅವಳ ಮನೆಯಲ್ಲಿ, ಅವಳ ಓಣಿಯಲ್ಲಿ ಯಾರು ಕೂಡುತ್ತಾರೆ ಅಂತ ನಾನು ಕೇಳಿರಲಿಲ್ಲ. ಇನ್ನು ಮುಂದೆ ಆ ಒಂದು ಪ್ರಶ್ನೆ ಕೇಳದೆ ಯಾರ ಕಾಗದಕ್ಕೂ ಸಹಿ ಹಾಕುವುದಿಲ್ಲ.

ಹದಿನೆಂಟಕ್ಕೆ ರೈಲು ಹತ್ತುವಾಗ ಹುಚ್ಚವ್ವ ಹೇಳಿದಳು: "ಅಂವಂದು ತೀರಿತು. ನಾ ಬಂದದ್ದು ಹೊಸಾದು. ನೀ ಬಂದ ತಿರಗಸಬೇಕು." ನಾನು ನಗುತ್ತ ಹೂಂ ಎಂದೆ. ರೈಲು ಹೋದ ಮೇಲೆ ಪ್ಲಾಟ್‌ಫಾರ್ಮಿನ ಮೇಲೆ ನಿಂತು ಯೋಚಿಸಿದೆ. ಊರಿಗೆಲ್ಲ ಪಾಳಿ ಹಚ್ಚುವ ಆ ಹೆಂಗಸಿನ ಹತ್ತಿರ ಮೂವತ್ತು ವರ್ಷದಲ್ಲಿ ಯಾರು ಹೋಗಿ ಕೂತಿದ್ದಾರೆ?

ಆಗಸ್ಟ್ ಒಂದರಿಂದ ನನಗೆ ಹದಿನೈದು ದಿನ ರಜೆ ಸಿಕ್ಕಿದೆ. ಅವ್ವನಿಗೆ ಹೇಳು, ಮೊದಲ ದಿನ ಮನೆಗೆ ತಡವಾಗಿ ಬರುತ್ತೇನೆ. ಬಸ್ಸಿನಿಂದ ಇಳಿದು ನೇರ ಕುರುಬರ ಓಣಿಗೆ ಹೋಗುತ್ತೇನೆ, ಹುಚ್ಚವ್ವನ ಕಟ್ಟೆಗೆ. ಆಕೆಗೆ ಎಷ್ಟು ತಾಸು ಬೇಕೋ ಅಷ್ಟು.

ನಿನ್ನ ತಂಗಿ,
ಕಸ್ತೂರೆವ್ವ